ಸಾರಿದ ಸಮಯ ತಲುಪದಿದ್ದರೆ

ಗುಂಡ್ಲುಪೇಟೆ ಕಡೆಯ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಕ್ಯಾನು ಇಳಿಸಿದವರ ಕೈಗೆ ಒಂದು ಸಣ್ಣ ಚೀಟಿ ಬರುತ್ತದೆ. ಸದಸ್ಯರ ನಂಬರು, ಲೀಟರು, ಫ್ಯಾಟು, ಎಸ್‌ಎನ್‌ಎಫ್, ದರ, ಮೊತ್ತ. ಅದರ ಮೇಲೆ ದಿನಾಂಕ, ಬೆಳಗಿನ ಪಾಳಿಯೋ ಸಂಜೆಯದೋ ಎಂಬ ಗುರುತು, ಗಂಟೆ, ನಿಮಿಷ. ಜಿಲ್ಲೆಯ ಸಂಘಗಳಲ್ಲಿ ಸಂಗ್ರಹವಾದ ಹಾಲು ಟ್ಯಾಂಕರು ಹತ್ತಿ ಚಾಮರಾಜನಗರ ತಾಲ್ಲೂಕಿನ ಕುದೇರಿನಲ್ಲಿರುವ ಜಿಲ್ಲಾ ಹಾಲು ಒಕ್ಕೂಟದ ಘಟಕಕ್ಕೆ, ಜನ ಚಾಮುಲ್ ಎಂದು ಕರೆಯುವಲ್ಲಿಗೆ, ಬರುತ್ತದೆ. ಆ ಗಾತ್ರದ ಯಾವುದೇ ಘಟಕದಲ್ಲಿ ಹಾಲು ಎಲ್ಲೆಲ್ಲಿ ಹಾಯುತ್ತದೋ ಅಲ್ಲೆಲ್ಲ ಒಂದೊಂದು ಯಂತ್ರ ತನ್ನ ಗಡಿಯಾರ ನೋಡಿ ಸಮಯ ಬರೆದುಕೊಳ್ಳುತ್ತದೆ: ಗೇಟಿನ ತೂಕದ ಕಂಪ್ಯೂಟರು, ಪ್ರಯೋಗಾಲಯದ ದಾಖಲೆ, ಪಾಶ್ಚರೀಕರಣದ ರೆಕಾರ್ಡರು, ಪ್ಯಾಕೆಟಿನ ಮೇಲೆ ಅಚ್ಚೊತ್ತುವ ಯಂತ್ರ, ಸಿಸಿಟಿವಿ, ಲೆಕ್ಕಪತ್ರದ ಸರ್ವರು. ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಹಿಡಿದಿಡಬೇಕು. ಶಾಖ ಇಳಿದರೆ ಕವಾಟ ತಿರುಗಿ ಹಾಲು ವಾಪಸು ಹೋಗಬೇಕು. ಕವಾಟ ತಿರುಗಿದ್ದು 4 ಗಂಟೆ 12 ನಿಮಿಷಕ್ಕೆ ಎಂದು ಒಂದು ಯಂತ್ರ, ಹಾಲಿನ ಟ್ಯಾಂಕು ಬದಲಾಯಿಸಿದ್ದು 4 ಗಂಟೆ 9 ನಿಮಿಷಕ್ಕೆ ಎಂದು ಇನ್ನೊಂದು ಯಂತ್ರ ಬರೆದಿದ್ದು, ಇವೆರಡರ ಗಡಿಯಾರಗಳ ನಡುವೆ ಐದು ನಿಮಿಷದ ಅಂತರ ಇದ್ದರೆ, ಯಾವ ಟ್ಯಾಂಕಿಗೆ ಯಾವ ಹಾಲು ಹೋಯಿತು ಎಂಬ ಪ್ರಶ್ನೆಗೆ ದಾಖಲೆಯಲ್ಲಿ ಉತ್ತರ ಸಿಗುವುದಿಲ್ಲ. ದಾಖಲೆಯೇನೋ ಇದೆ, ಯಾವುದು ಮೊದಲು ಯಾವುದು ಆಮೇಲೆ ಎಂಬುದು ಮಾತ್ರ ಹೋಗಿದೆ.

ಇಂಥ ಕಡೆ ನೂರಾರು ಯಂತ್ರಗಳಿಗೆ ಏಕಕಾಲಕ್ಕೆ ಸಮಯ ಹಂಚಲು ಮಲ್ಟಿಕಾಸ್ಟ್ ವಿಧಾನ ಬಳಸುವುದುಂಟು. ಅದು ಕೆಟ್ಟಾಗ ಏನು ಮಾಡಬೇಕು ಎಂಬುದು ಈ ಲೇಖನದ ವಿಷಯ. ಇಲ್ಲಿ ಹೇಳುವುದು ಕುದೇರಿನ ಘಟಕದ ಜಾಲದ ಕತೆಯಲ್ಲ. ಡೇರಿಯಿರಲಿ, ಸಕ್ಕರೆ ಕಾರ್ಖಾನೆಯಿರಲಿ, ತಾಲ್ಲೂಕು ಆಸ್ಪತ್ರೆಯಿರಲಿ, ಒಂದಷ್ಟು ಸರ್ವರು ಮತ್ತು ಸ್ವಿಚ್ಚು ಇಟ್ಟುಕೊಂಡ ಎಲ್ಲರಿಗೂ ಹೊಂದುವ ಮಾತು. ನನ್ನ ವಾದ ಇಷ್ಟು: ಮಲ್ಟಿಕಾಸ್ಟ್ ಸಮಯ ತಪ್ಪಿದಾಗ ಹತ್ತರಲ್ಲಿ ಒಂಬತ್ತು ಸಲ ಕೆಟ್ಟಿರುವುದು ಗಡಿಯಾರವಲ್ಲ, ದಾರಿ. ಗಡಿಯಾರವನ್ನು ತಿದ್ದುತ್ತ ಕೂತವರು ದಿನ ಕಳೆಯುತ್ತಾರೆ, ದಾರಿಯನ್ನು ಮೊದಲಿಂದ ಕೊನೆಯವರೆಗೆ ನಡೆದು ನೋಡಿದವರು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ಹಾಗೆ ನಡೆದು ನೋಡಿದ ಮೇಲೆ, ಈ ದಾರಿಯೇ ಬೇಕಿತ್ತೇ ಎಂಬ ಪ್ರಶ್ನೆಯನ್ನೂ ಕೇಳಲೇಬೇಕಾಗುತ್ತದೆ.

ಕಂಪ್ಯೂಟರುಗಳ ಸಮಯ ಹೊಂದಿಸುವ ಎನ್‌ಟಿಪಿ ನಿಯಮಾವಳಿಯನ್ನು ರೂಪಿಸಿದವರು ಅಮೆರಿಕದ ಡೇವಿಡ್ ಮಿಲ್ಸ್. 1985ರಲ್ಲಿ ಅದರ ಮೊದಲ ದಾಖಲೆ ಬಂತು. ಈಗ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯ ದಾಖಲೆ 2010ರದು. ಮಿಲ್ಸ್ ತೀರಿಕೊಂಡದ್ದು 2024ರ ಜನವರಿಯಲ್ಲಿ. ಅವರ ವ್ಯವಸ್ಥೆಯ ಜಾಣತನವೆಲ್ಲ ಇರುವುದು ಪ್ರಶ್ನೋತ್ತರದಲ್ಲಿ. ಯಂತ್ರ ‘ಈಗ ಎಷ್ಟು ಹೊತ್ತು?’ ಎಂದು ಕೇಳಿದ ಕ್ಷಣ, ಆ ಪ್ರಶ್ನೆ ಸರ್ವರಿಗೆ ಮುಟ್ಟಿದ ಕ್ಷಣ, ಸರ್ವರು ಉತ್ತರ ಕಳಿಸಿದ ಕ್ಷಣ, ಆ ಉತ್ತರ ಕೈಸೇರಿದ ಕ್ಷಣ, ಹೀಗೆ ನಾಲ್ಕು ಗುರುತು ಸಿಗುತ್ತವೆ. ಈ ನಾಲ್ಕರಿಂದ ದಾರಿಯಲ್ಲಿ ಕಳೆದ ಹೊತ್ತನ್ನು ಲೆಕ್ಕ ಹಾಕಿ ಕಳೆದುಬಿಟ್ಟರೆ ಉಳಿಯುವುದೇ ಗಡಿಯಾರಗಳ ನಿಜವಾದ ಅಂತರ. ಮಲ್ಟಿಕಾಸ್ಟ್‌ನಲ್ಲಿ ಈ ಪ್ರಶ್ನೋತ್ತರ ಇಲ್ಲ. ಸರ್ವರು 224.0.1.1 ಎಂಬ ಗುಂಪಿನ ವಿಳಾಸಕ್ಕೆ, ಸಾಮಾನ್ಯವಾಗಿ 64 ಸೆಕೆಂಡಿಗೊಮ್ಮೆ, ಯುಡಿಪಿಯ 123ನೇ ಪೋರ್ಟಿನಲ್ಲಿ ಸಮಯವನ್ನು ಬಿಡುತ್ತಲೇ ಇರುತ್ತದೆ, ಬೇಕಾದವರು ಕೇಳಿಸಿಕೊಳ್ಳಬೇಕು. ಇದು ಊರಿನಲ್ಲಿ ಡಂಗುರ ಸಾರಿಸಿದ ಹಾಗೆ. ಸಾರುವವನಿಗೆ ಯಾರ ಕಿವಿಗೆ ಬಿತ್ತು ಎಂಬುದು ಗೊತ್ತಿಲ್ಲ. ಕೆಳಗಿನ ಕೇರಿಗೆ ತಮಟೆಯ ಸದ್ದೇ ಮುಟ್ಟದಿದ್ದರೆ ಆ ಕೇರಿಯವರಿಗೆ ತಮಗೆ ತಿಳಿಯದ ಸುದ್ದಿಯೊಂದಿದೆ ಎಂಬುದೂ ತಿಳಿಯುವುದಿಲ್ಲ.

ಈ ತೊಂದರೆ ಕೈಗೆ ಸಿಗದೆ ನುಣುಚಿಕೊಳ್ಳುವುದು ಇದೇ ಕಾರಣಕ್ಕೆ. ಪ್ರಶ್ನೆ ಕೇಳುವ ಯಂತ್ರಕ್ಕೆ ಉತ್ತರ ಬಾರದಿದ್ದರೆ ಅದು ಲಾಗ್‌ನಲ್ಲಿ ದೂರು ಬರೆಯುತ್ತದೆ. ಕೇಳಿಸಿಕೊಳ್ಳಲು ಮಾತ್ರ ಕೂತ ಯಂತ್ರಕ್ಕೆ ದೂರಲು ಏನೂ ಇಲ್ಲ. ಅದು ತನ್ನೊಳಗಿನ ಹರಳಿನ ಗಡಿಯಾರವನ್ನು ನಂಬಿಕೊಂಡು ಸಾಗುತ್ತದೆ. ಹರಳು ಹತ್ತು ಲಕ್ಷದಲ್ಲಿ ಹತ್ತು ಪಾಲು ತಪ್ಪಿದರೂ ದಿನಕ್ಕೆ 0.86 ಸೆಕೆಂಡು ವ್ಯತ್ಯಾಸ. ಅಗ್ಗದ ಬೋರ್ಡಿನಲ್ಲಿ ಐವತ್ತು ಪಾಲು ತಪ್ಪಿದರೆ ದಿನಕ್ಕೆ 4.3 ಸೆಕೆಂಡು, ತಿಂಗಳಿಗೆ ಎರಡು ನಿಮಿಷದ ಮೇಲೆ. ಮೊದಲ ವಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳುವ ಹೊತ್ತಿಗೆ, ಸ್ವಿಚ್ಚು ಬದಲಾಯಿಸಿದ್ದೋ ಸಾಫ್ಟ್‌ವೇರ್ ಮೇಲ್ದರ್ಜೆಗೆ ಏರಿಸಿದ್ದೋ ಯಾವಾಗ ಎಂಬುದು ಮರೆತೇಹೋಗಿರುತ್ತದೆ.

ಆದ್ದರಿಂದ ಯಂತ್ರದ ಮುಂದೆ ಕೂರುವ ಮೊದಲು ಸಮಯ ಎಷ್ಟು ತಪ್ಪಿದೆ ಎಂಬುದನ್ನು ಸರಿಯಾಗಿ ಅಳೆಯಿರಿ. ಅಂತರದ ಗಾತ್ರವೇ ಅರ್ಧ ಕತೆ ಹೇಳುತ್ತದೆ. ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸವಿದ್ದರೆ ಅಲ್ಲಿ ಸಮಯ ಹೊಂದಾಣಿಕೆಯ ತೊಂದರೆಯೇ ಇಲ್ಲ. ಎನ್‌ಟಿಪಿ ಸಾಗಿಸುವುದು ಯುಟಿಸಿಯನ್ನು, ಭಾರತೀಯ ಕಾಲಮಾನಕ್ಕೆ ಬದಲಾಯಿಸುವುದು ಯಂತ್ರದ ಕೆಲಸ, ಆ ಸೆಟ್ಟಿಂಗು ತಪ್ಪಿದೆ ಅಷ್ಟೆ. 37 ಸೆಕೆಂಡು ಎಂದರೆ ಪಿಟಿಪಿ ಎಂಬ ಇನ್ನೊಂದು ನಿಯಮಾವಳಿಯಿಂದ ಬಂದ ಪರಮಾಣು ಕಾಲಮಾನವನ್ನು ಯಾರೋ ಯುಟಿಸಿ ಎಂದು ತಿಳಿದಿದ್ದಾರೆ. 18 ಸೆಕೆಂಡು ಎಂದರೆ ಜಿಪಿಎಸ್ ಸಮಯವನ್ನು ನೇರವಾಗಿ ಬಳಸಲಾಗಿದೆ. ಈ ಎರಡು ಅಂಕಿಗಳೂ 2016ರ ಡಿಸೆಂಬರ್ 31ರ ಕೊನೆಗೆ ಯುಟಿಸಿಗೆ ಒಂದು ಅಧಿಕ ಸೆಕೆಂಡು ಸೇರಿಸಿದ ದಿನದಿಂದ ಬದಲಾಗಿಲ್ಲ. ನಮ್ಮಲ್ಲಿ ಆಗ 2017ರ ಹೊಸ ವರ್ಷದ ಬೆಳಿಗ್ಗೆ ಐದೂವರೆ. ದಿನಾಂಕ ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಹೋಗಿದ್ದರೆ ಜಿಪಿಎಸ್ ರಿಸೀವರು ಹಳೆಯದು: ಜಿಪಿಎಸ್ 1024 ವಾರಗಳಿಗೊಮ್ಮೆ ವಾರದ ಎಣಿಕೆಯನ್ನು ಸೊನ್ನೆಯಿಂದ ಶುರುಮಾಡುತ್ತದೆ, 2019ರ ಏಪ್ರಿಲ್‌ನಲ್ಲಿ ಹಾಗಾದಾಗ ಬಹಳಷ್ಟು ಹಳೆಯ ರಿಸೀವರುಗಳು 1999ಕ್ಕೆ ಮರಳಿದವು. ಅಂತರ ದಿನದಿಂದ ದಿನಕ್ಕೆ ಒಂದೇ ಹದದಲ್ಲಿ ಬೆಳೆಯುತ್ತಿದ್ದರೆ ಸಮಯ ತಲುಪುತ್ತಲೇ ಇಲ್ಲ. ಹಿಂದೆ ಮುಂದೆ ಜಿಗಿಯುತ್ತಿದ್ದರೆ ಇಬ್ಬರು ಯಜಮಾನರಿದ್ದಾರೆ. ವರ್ಚುವಲ್ ಯಂತ್ರಗಳಲ್ಲಿ ಇದು ತೀರಾ ಸಾಮಾನ್ಯ, ಒಳಗಿನ ಎನ್‌ಟಿಪಿ ಒಂದು ಕಡೆ ಎಳೆಯುತ್ತದೆ, ಹೊರಗಿನ ಹೋಸ್ಟು ಇನ್ನೊಂದು ಕಡೆ. ಕೆಲವು ಮಿಲಿಸೆಕೆಂಡು ಮಾತ್ರ ಸ್ಥಿರವಾಗಿ ತಪ್ಪುತ್ತಿದ್ದರೆ ದಾರಿಯ ವಿಳಂಬದ ಲೆಕ್ಕ ಕೂತಿಲ್ಲ ಎಂದರ್ಥ. ಡೇರಿಯ ಲೆಕ್ಕಕ್ಕೆ ಅದನ್ನು ಮರೆತುಬಿಡಬಹುದು.

ಇನ್ನು ದಾರಿ ಹಿಡಿಯೋಣ. ಮೊದಲ ನಿಲ್ದಾಣ ಸಾರುವ ಸರ್ವರು. ಅದರ ಮೇಲೆ ‘ಎನ್‌ಟಿಪಿಕ್ಯೂ’ ಆದೇಶ ಕೊಟ್ಟು ನೋಡಿದರೆ ಅದು ತಾನೇ ಯಾರಿಂದ ಸಮಯ ಪಡೆಯುತ್ತಿದೆ ಎಂಬುದು ತಿಳಿಯುತ್ತದೆ. ಅದರ ಸ್ಟ್ರಾಟಮ್ 16 ಎಂದಿದ್ದರೆ ಅದಕ್ಕೇ ಸಮಯ ಗೊತ್ತಿಲ್ಲ, ಅದು ಸಾರಿದ್ದನ್ನು ಯಾರೂ ಒಪ್ಪುವುದಿಲ್ಲ. ಛಾವಣಿಯ ಮೇಲಿನ ಜಿಪಿಎಸ್ ಆಂಟೆನಾದ ಪಕ್ಕ ಹೊಸದಾಗಿ ತಗಡಿನ ಶೀಟು ಎದ್ದಿದೆಯೇ ಎಂದು ಹತ್ತಿ ನೋಡಿ ಬನ್ನಿ. ಎರಡನೆಯದು, ಸರ್ವರು ಯಾವ ನೆಟ್‌ವರ್ಕ್ ಕಾರ್ಡಿನಿಂದ ಸಾರುತ್ತಿದೆ ಎಂಬುದು. ಎರಡು ಮೂರು ಕಾರ್ಡುಗಳಿರುವ ಸರ್ವರಿನಲ್ಲಿ ಮಲ್ಟಿಕಾಸ್ಟ್ ಪ್ಯಾಕೆಟ್ಟು ರೂಟಿಂಗ್ ಪಟ್ಟಿ ತೋರಿಸಿದ ಕಡೆ ಹೋಗುತ್ತದೆ. ಬ್ಯಾಕಪ್ಪಿಗೆಂದು ಹಾಕಿದ ಕಾರ್ಡಿನಿಂದ ಹೊರಟು ಯಾರೂ ಇಲ್ಲದ ಜಾಲಕ್ಕೆ ಸಮಯ ಹೇಳುತ್ತಿರಬಹುದು. ಮೂರನೆಯದು ಟಿಟಿಎಲ್. ಪ್ಯಾಕೆಟ್ಟು ಎಷ್ಟು ರೂಟರು ದಾಟಬಹುದು ಎಂಬ ಈ ಎಣಿಕೆ 1 ಆಗಿದ್ದರೆ ಮೊದಲ ರೂಟರಿನಲ್ಲೇ ಅದರ ಆಯಸ್ಸು ಮುಗಿಯಿತು. ಟಿಟಿಎಲ್ ಹೆಚ್ಚಿಸಿದರೂ ಸಾಲದು: ಆಡಳಿತ ಕಚೇರಿಯ ವಿಎಲ್ಯಾನ್‌ನಿಂದ ಪ್ಯಾಕಿಂಗ್ ವಿಭಾಗದ ವಿಎಲ್ಯಾನ್‌ಗೆ ಮಲ್ಟಿಕಾಸ್ಟ್ ದಾಟಬೇಕಾದರೆ ರೂಟರಿನಲ್ಲಿ ಮಲ್ಟಿಕಾಸ್ಟ್ ರೂಟಿಂಗನ್ನು ಬೇರೆಯಾಗಿಯೇ ಚಾಲೂ ಮಾಡಿರಬೇಕು. ಜಾಲವನ್ನು ಅಚ್ಚುಕಟ್ಟಾಗಿ ವಿಎಲ್ಯಾನ್‌ಗಳಾಗಿ ಒಡೆದ ಮರುದಿನವೇ ಅರ್ಧ ಕಾರ್ಖಾನೆಗೆ ಸಮಯ ನಿಲ್ಲುವುದು ಇದರಿಂದ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಸ್ವಿಚ್ಚಿನಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. ಮಲ್ಟಿಕಾಸ್ಟ್ ಪ್ಯಾಕೆಟ್ಟನ್ನು ಎಲ್ಲ ಪೋರ್ಟುಗಳಿಗೂ ಸುರಿಯುವುದು ವ್ಯರ್ಥ ಎಂದು ಈಗಿನ ಸ್ವಿಚ್ಚುಗಳು ಐಜಿಎಂಪಿ ಸ್ನೂಪಿಂಗ್ ಮಾಡುತ್ತವೆ. ಯಂತ್ರವೊಂದು ‘ನಾನು ಈ ಗುಂಪಿಗೆ ಸೇರಿದೆ’ ಎಂದು ಹೇಳುವುದನ್ನು ಕದ್ದು ಕೇಳಿ, ಆ ಪೋರ್ಟಿಗೆ ಮಾತ್ರ ಗುಂಪಿನ ಪ್ಯಾಕೆಟ್ಟನ್ನು ಬಿಡುತ್ತವೆ. ಯಂತ್ರ ಹೀಗೆ ಹೇಳುವುದು ಸೇರುವ ಹೊತ್ತಿನಲ್ಲಿ. ಆಮೇಲೆ ಕ್ವೆರಿಯರ್ ಎಂಬ ಪಾತ್ರ ವಹಿಸಿದ ರೂಟರು ಅಥವಾ ಸ್ವಿಚ್ಚು 125 ಸೆಕೆಂಡಿಗೊಮ್ಮೆ ‘ಇನ್ನೂ ಯಾರಿದ್ದೀರಿ?’ ಎಂದು ಹಾಜರಿ ಕರೆಯಬೇಕು, ಯಂತ್ರಗಳು ಹತ್ತು ಸೆಕೆಂಡಿನೊಳಗೆ ಓಗೊಡಬೇಕು. ಎರಡು ಹಾಜರಿ ಮತ್ತು ಹತ್ತು ಸೆಕೆಂಡು, ಒಟ್ಟು 260 ಸೆಕೆಂಡು ಸದ್ದಿಲ್ಲದಿದ್ದರೆ ಸ್ವಿಚ್ಚು ಆ ಪೋರ್ಟಿನ ಹೆಸರು ಹೊಡೆದುಹಾಕುತ್ತದೆ. ಸಣ್ಣ ಜಾಲಗಳಲ್ಲಿ ಸ್ನೂಪಿಂಗ್ ಡಬ್ಬದಿಂದ ತೆಗೆಯುವಾಗಲೇ ಚಾಲೂ ಇರುತ್ತದೆ, ಕ್ವೆರಿಯರ್ ಮಾತ್ರ ಯಾರೂ ನೇಮಿಸಿರುವುದಿಲ್ಲ. ಪರಿಣಾಮ ಬಹಳ ವಿಚಿತ್ರ: ಎನ್‌ಟಿಪಿ ಸೇವೆಯನ್ನು ನಿಲ್ಲಿಸಿ ಶುರುಮಾಡಿದರೆ ಸಮಯ ಬರುತ್ತದೆ, ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಕಳೆದ ಮೇಲೆ ನಿಲ್ಲುತ್ತದೆ. ‘ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ’ ಎಂದು ಗಂಟೆಗೊಮ್ಮೆ ರೀಸ್ಟಾರ್ಟ್ ಆಗುವ ಹಾಗೆ ಸ್ಕ್ರಿಪ್ಟು ಬರೆದಿಟ್ಟು ಹೋಗುವವರಿದ್ದಾರೆ; ಅವರ ಜಾಣತನದಿಂದ ನಿಜವಾದ ದೋಷ ವರ್ಷಗಟ್ಟಲೆ ಮುಚ್ಚಿಹೋಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಎನ್‌ಟಿಪಿಕ್ಯೂ ತೋರಿಸುವ ಸಾಲಿನಲ್ಲಿ ‘ರೀಚ್’ ಎಂಬ ಕಾಲಮ್ಮಿನ ಮೇಲೆ ಕಣ್ಣಿಡಿ. ಹಿಂದಿನ ಎಂಟು ಸರದಿಗಳಲ್ಲಿ ಎಷ್ಟು ಕೇಳಿಸಿತು ಎಂಬುದರ ಅಷ್ಟಮಾನ ಎಣಿಕೆ ಅದು. ಎಂಟೂ ಕೇಳಿಸಿದ್ದರೆ 377. ಪ್ಯಾಕೆಟ್ಟು ನಿಂತ ಮೇಲೆ ಆ ಅಂಕಿ 64 ಸೆಕೆಂಡಿಗೊಮ್ಮೆ 376, 374, 370, 360, 340, 300, 200 ಎಂದು ಇಳಿದು ಸೊನ್ನೆಗೆ ಬರುತ್ತದೆ. ಎಂಟೂವರೆ ನಿಮಿಷದ ಇಳಿಜಾರು. ಹೀಗೆ ಒಂದೇ ಸಮ ಇಳಿದರೆ ದಾರಿ ಪೂರ್ತಿ ಮುಚ್ಚಿದೆ. 357, 337, 277 ಎಂದು ನಡುವೆ ಮಾತ್ರ ಒಂದು ತೂತು ಚಲಿಸುತ್ತಿದ್ದರೆ ಒಂದೇ ಪ್ಯಾಕೆಟ್ಟು ಕಳೆದುಹೋಗಿದೆ, ಅದಕ್ಕೆ ಚಿಂತೆ ಬೇಡ. ಇಲ್ಲೊಂದು ಪ್ರಶ್ನೆ ಏಳಬಹುದು: ಅದೇ ಸ್ವಿಚ್ಚಿನಲ್ಲಿ ಬೇರೆ ಮಲ್ಟಿಕಾಸ್ಟ್ ಎಲ್ಲ ಚೆನ್ನಾಗಿಯೇ ಓಡುತ್ತಿದೆಯಲ್ಲ? 224.0.0 ಎಂದು ಶುರುವಾಗುವ ವಿಳಾಸಗಳು ರೂಟರುಗಳ ತಮ್ಮತಮ್ಮೊಳಗಿನ ಮಾತಿಗೆ ಮೀಸಲು, ಅವನ್ನು ಸ್ವಿಚ್ಚುಗಳು ಸೋಸದೆ ಎಲ್ಲರಿಗೂ ಬಿಡುತ್ತವೆ. ಎನ್‌ಟಿಪಿಯ 224.0.1.1 ನೋಡಲು ಅದರ ಪಕ್ಕದ ಮನೆಯಂತಿದ್ದರೂ ಆ ರಿಯಾಯಿತಿಯ ಹೊರಗಿದೆ. ಪರಿಹಾರವೂ ಸರಳ: ಒಂದು ವಿಎಲ್ಯಾನ್‌ಗೆ ಒಂದು ಸ್ವಿಚ್ಚಿನಲ್ಲಿ ಕ್ವೆರಿಯರ್ ಚಾಲೂ ಮಾಡಿ. ಸ್ನೂಪಿಂಗನ್ನೇ ಆಫ್ ಮಾಡಿದರೂ ಸಮಯ ಬರುತ್ತದೆ, ಆದರೆ ಅದೇ ಜಾಲದಲ್ಲಿ ಸಿಸಿಟಿವಿ ಮಲ್ಟಿಕಾಸ್ಟಿನಲ್ಲಿ ಹರಿಯುತ್ತಿದ್ದರೆ ಆ ಪ್ರವಾಹವೆಲ್ಲ ಪ್ರತಿ ಪೋರ್ಟಿಗೂ ನುಗ್ಗುತ್ತದೆ.

ವೈಫೈ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಕ್ಸೆಸ್ ಪಾಯಿಂಟು ಮಲ್ಟಿಕಾಸ್ಟನ್ನು ತಡೆದಿಟ್ಟು, ನಿದ್ದೆಯಲ್ಲಿರುವ ಸಾಧನಗಳು ಎದ್ದಾಗ, ಕಡಿಮೆ ವೇಗದಲ್ಲಿ ಬಿಡುತ್ತದೆ. ಕಳೆದುಹೋದರೆ ಮತ್ತೆ ಕಳಿಸುವುದಿಲ್ಲ. ಸಮಯ ಹಂಚಲು ಅದು ಜಾಗವಲ್ಲ.

ಪ್ಯಾಕೆಟ್ಟು ಯಂತ್ರದ ಬಾಗಿಲಿಗೆ ಬಂದಿದೆಯೇ ಎಂದು ತಿಳಿಯಲು ‘ಟಿಸಿಪಿಡಂಪ್’ ಹಾಕಿ 123ನೇ ಪೋರ್ಟನ್ನು ನೋಡುವುದು ರೂಢಿ. ಆದರೆ ಈ ಸಾಧನ ಎರಡು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಅದು ನೆಟ್‌ವರ್ಕ್ ಕಾರ್ಡನ್ನು ಸಿಕ್ಕಿದ್ದೆಲ್ಲ ಹಿಡಿಯುವ ಸ್ಥಿತಿಗೆ ತರುವುದರಿಂದ, ಯಂತ್ರ ಗುಂಪಿಗೆ ಸೇರದಿದ್ದರೂ ಪ್ಯಾಕೆಟ್ಟು ಕಾಣಿಸುತ್ತದೆ. ಆ ಸ್ಥಿತಿ ಬೇಡವೆನ್ನುವ ಆಯ್ಕೆ ಕೊಟ್ಟೇ ನೋಡಬೇಕು, ಜೊತೆಗೆ ‘ನೆಟ್‌ಸ್ಟ್ಯಾಟ್’ನಲ್ಲಿ ಯಾವ ಕಾರ್ಡು ಯಾವ ಗುಂಪಿಗೆ ಸೇರಿದೆ ಎಂಬ ಪಟ್ಟಿಯನ್ನೂ ನೋಡಬೇಕು. ಎರಡನೆಯದಾಗಿ, ಅದು ಪ್ಯಾಕೆಟ್ಟನ್ನು ಹಿಡಿಯುವುದು ಫೈರ್‌ವಾಲಿನ ಹೊಸ್ತಿಲಲ್ಲಿ. ಅಲ್ಲಿ ಕಂಡಿತೆಂದರೆ ಎನ್‌ಟಿಪಿಗೆ ಮುಟ್ಟಿತು ಎಂದಲ್ಲ. ಫೈರ್‌ವಾಲು ಸಾಮಾನ್ಯವಾಗಿ ನಾವೇ ಕಳಿಸಿದ ಪ್ರಶ್ನೆಗೆ ಬಂದ ಉತ್ತರವನ್ನು ತಕರಾರಿಲ್ಲದೆ ಒಳಗೆ ಬಿಡುತ್ತದೆ. ಮಲ್ಟಿಕಾಸ್ಟ್ ಯಾವ ಪ್ರಶ್ನೆಗೂ ಉತ್ತರವಲ್ಲ, ಕರೆಯದೆ ಬಂದ ಅತಿಥಿ. ಒಳಬರುವ ಯುಡಿಪಿ 123ಕ್ಕೆ ಪ್ರತ್ಯೇಕ ಅನುಮತಿ ಬರೆಯದಿದ್ದರೆ ಅಲ್ಲೇ ಬಿದ್ದುಹೋಗುತ್ತದೆ. ಎರಡು ಕಾರ್ಡಿನ ಯಂತ್ರದಲ್ಲಾದರೆ ಇನ್ನೊಂದು ಕಾವಲುಗಾರನಿದ್ದಾನೆ: ಪ್ಯಾಕೆಟ್ಟು ಬಂದ ದಾರಿ, ಅದನ್ನು ಕಳಿಸಿದವರಿಗೆ ವಾಪಸು ಹೋಗುವ ದಾರಿ ಎರಡೂ ಒಂದೇ ಅಲ್ಲದಿದ್ದರೆ ಲಿನಕ್ಸಿನ ‘ಆರ್‌ಪಿ ಫಿಲ್ಟರ್’ ಸದ್ದಿಲ್ಲದೆ ಎಸೆಯುತ್ತದೆ.

ಇಷ್ಟೂ ದಾಟಿದರೆ ಉಳಿಯುವುದು ಸಮಯದ ಸೇವೆಯೇ. ಹಳೆಯ ಎನ್‌ಟಿಪಿಡಿ ಮಲ್ಟಿಕಾಸ್ಟ್ ಸಮಯವನ್ನು ಒಪ್ಪಲು ಕೀಲಿಯ ಸಹಿ ಕೇಳುತ್ತದೆ. ಎರಡೂ ಕಡೆಯ ಕೀಲಿಯ ನಂಬರು, ಅದನ್ನು ನಂಬಬಹುದೆಂಬ ಸಾಲು, ಫೈಲು ಓದುವ ಅನುಮತಿ, ಇವುಗಳಲ್ಲಿ ಒಂದು ತಪ್ಪಿದರೂ ಪ್ಯಾಕೆಟ್ಟು ಕಸಕ್ಕೆ. ಮೊದಲ ಪ್ಯಾಕೆಟ್ಟು ಕೇಳಿಸಿದಾಗ ಅದು ದಾರಿಯ ವಿಳಂಬ ಅಳೆಯಲು ಸರ್ವರಿನೊಂದಿಗೆ ಒಂದಿಷ್ಟು ನೇರ ಪ್ರಶ್ನೋತ್ತರ ನಡೆಸುತ್ತದೆ, ಆಮೇಲೆ ಮೌನವಾಗಿ ಕೇಳುತ್ತ ಕೂರುತ್ತದೆ. ಮಲ್ಟಿಕಾಸ್ಟ್‌ಗೆ ದಾರಿ ಬಿಟ್ಟು ಈ ನೇರ ಮಾತಿಗೆ ಅಡ್ಡಗಟ್ಟಿದರೆ ಅಳತೆ ಆಗದೆ ಅಂದಾಜಿನ ಮೇಲೆ ನಡೆಯುತ್ತದೆ. ಅಂತರ 1000 ಸೆಕೆಂಡು ಮೀರಿದ್ದರೆ ಎನ್‌ಟಿಪಿಡಿ ಇದರಲ್ಲೇನೋ ಮೋಸವಿದೆ ಎಂದು ತಾನೇ ನಿಂತುಹೋಗುತ್ತದೆ. ಶುರುಮಾಡುವಾಗ ಒಮ್ಮೆಗೆ ದೊಡ್ಡ ಜಿಗಿತಕ್ಕೆ ಒಪ್ಪಿಗೆ ಕೊಡಬೇಕು. ಅಂತರ ಅದಕ್ಕಿಂತ ಕಡಿಮೆಯಿದ್ದು, ನಿಧಾನವಾಗಿಯೇ ಸರಿಪಡಿಸಬೇಕೆಂದು ಹೇಳಿದ್ದರೆ, ತಾಳ್ಮೆ ಬೇಕು: ಹತ್ತು ಲಕ್ಷಕ್ಕೆ 500 ಪಾಲಿನ ಮಿತಿಯಲ್ಲಿ ಒಂದು ಸೆಕೆಂಡು ತಿದ್ದಲು ಮೂವತ್ತಮೂರು ನಿಮಿಷ ಬೇಕು, ಒಂದು ನಿಮಿಷದ ತಪ್ಪಿಗೆ ದಿನದ ಮೇಲೆ ಅರ್ಧ ದಿನ ಹತ್ತಿರ.

ಈಗೀಗ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಯಂತ್ರದ ಸಮಯದ ಸೇವೆಗೆ ಮಲ್ಟಿಕಾಸ್ಟ್ ಕೇಳಿಸಿಕೊಳ್ಳಲು ಬರುತ್ತದೆಯೇ? ರೆಡ್ ಹ್ಯಾಟ್ ಲಿನಕ್ಸಿನ ಎಂಟನೆಯ ಆವೃತ್ತಿಯಿಂದ ಹಳೆಯ ಎನ್‌ಟಿಪಿ ಪ್ಯಾಕೇಜನ್ನು ತೆಗೆದು ಕ್ರೋನಿಯನ್ನು ಮಾತ್ರ ಉಳಿಸಿದರು. ಕ್ರೋನಿ ಸಾರಬಲ್ಲದು, ಸಾರಿದ್ದನ್ನು ಕೇಳಿಸಿಕೊಳ್ಳಲಾರದು. ಡೆಬಿಯನ್ 12ರಲ್ಲಿ ಎನ್‌ಟಿಪಿ ಎಂದು ಹಾಕಿದರೆ ಬರುವುದು ಎನ್‌ಟಿಪಿಸೆಕ್. ಭದ್ರಪಡಿಸಲು ಸಾಧ್ಯವಿಲ್ಲವೆಂದು ಮಲ್ಟಿಕಾಸ್ಟ್ ಆಲಿಸುವ ವಿಧಾನವನ್ನು ಅದರಲ್ಲಿ ಕೈಬಿಟ್ಟಿದ್ದಾರೆ. ಸಿಸ್ಟಂಡಿಯ ಜೊತೆ ಬರುವ ಟೈಮ್‌ಸಿಂಕ್‌ಡಿಗೆ ನೇರ ಪ್ರಶ್ನೋತ್ತರ ಬಿಟ್ಟರೆ ಬೇರೆ ಗೊತ್ತಿಲ್ಲ. ಸರ್ವರಿನ ಕಾರ್ಯಾಚರಣ ವ್ಯವಸ್ಥೆಯನ್ನು ಮೇಲ್ದರ್ಜೆಗೆ ಏರಿಸಿದ ದಿನ ಆ ಯಂತ್ರದ ಕಿವಿಯನ್ನೇ ತೆಗೆದಿರುತ್ತಾರೆ, ಸ್ವಿಚ್ಚಿನಲ್ಲಿ ತಪ್ಪು ಹುಡುಕಿ ಫಲವಿಲ್ಲ.

ಈ ಮೂರೂ ಬೇರೆ ಬೇರೆ ಬಳಗಗಳು ಒಂದೇ ತೀರ್ಮಾನಕ್ಕೆ ಬಂದಿರುವುದು ನನಗೆ ಬಲವಾದ ಸಾಕ್ಷ್ಯವಾಗಿ ಕಾಣುತ್ತದೆ. ಎನ್‌ಟಿಪಿ ಬಳಕೆಯ ಉತ್ತಮ ಪದ್ಧತಿಗಳನ್ನು ಹೇಳುವ 2019ರ ಅಂತರರಾಷ್ಟ್ರೀಯ ದಾಖಲೆಯೂ ಸಾರುವ ವಿಧಾನವನ್ನು ನಂಬಿಕಸ್ಥ ಜಾಲದೊಳಗೆ, ಕೀಲಿಯ ಸಹಿಯೊಂದಿಗೆ ಮಾತ್ರ ಬಳಸಿ ಎನ್ನುತ್ತದೆ. ಹಾಗಾಗಿ ದುರಸ್ತಿ ಮುಗಿದ ಮೇಲೆ ನನ್ನ ಸಲಹೆ: ಸಾಮಾನ್ಯ ಸರ್ವರುಗಳನ್ನು ಮಲ್ಟಿಕಾಸ್ಟಿನಿಂದ ನೇರ ಪ್ರಶ್ನೋತ್ತರಕ್ಕೆ ತನ್ನಿ. ಇದಕ್ಕೆ ಮೊದಲ ಆಕ್ಷೇಪ, ನೂರಾರು ಯಂತ್ರಗಳು ಕೇಳತೊಡಗಿದರೆ ಜಾಲಕ್ಕೆ ಹೊರೆಯಾಗುವುದಿಲ್ಲವೇ ಎಂಬುದು. ಲೆಕ್ಕ ಹಾಕಿ ನೋಡಿ. ಒಂದು ಎನ್‌ಟಿಪಿ ಪ್ಯಾಕೆಟ್ಟು ತಲೆಬರಹಗಳೂ ಸೇರಿ 76 ಬೈಟು. 200 ಯಂತ್ರಗಳು 64 ಸೆಕೆಂಡಿಗೊಮ್ಮೆ ಕೇಳಿದರೆ ಪ್ರಶ್ನೆ, ಉತ್ತರ ಎರಡೂ ಸೇರಿ ಸೆಕೆಂಡಿಗೆ ಆರೇಳು ಪ್ಯಾಕೆಟ್ಟು, ಅರ್ಧ ಕಿಲೋಬೈಟೂ ತುಂಬುವುದಿಲ್ಲ. ಗೇಟಿನ ಒಂದು ಕ್ಯಾಮೆರಾ ಸೆಕೆಂಡಿಗೆ ಲಕ್ಷದ ಲೆಕ್ಕದಲ್ಲಿ ಬೈಟು ಕಳಿಸುವ ಜಾಲದಲ್ಲಿ ಇದು ಹೊರೆಯೇ ಅಲ್ಲ. ಮಲ್ಟಿಕಾಸ್ಟಿನ ಉಳಿತಾಯದ ವಾದ ಹುಟ್ಟಿದ್ದು ಬೇರೆ ಕಾಲದ ಜಾಲಗಳಲ್ಲಿ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಪ್ರತಿ ಯಂತ್ರಕ್ಕೂ ಸರ್ವರಿನ ವಿಳಾಸ ಬರೆಯುವುದು ಯಾರ ಕೈಲಾಗುತ್ತದೆ? ಮಲ್ಟಿಕಾಸ್ಟಿನಲ್ಲಿ ‘ಕೇಳಿಸಿಕೋ’ ಎಂದರೆ ಸಾಕಿತ್ತು. ಈ ಮಾತು ನಿಜ, ಆದರೆ ಅದಕ್ಕೆ ಡಿಎಚ್‌ಸಿಪಿಯಲ್ಲಿ ದಾರಿಯಿದೆ. ಯಂತ್ರಕ್ಕೆ ಐಪಿ ವಿಳಾಸ ಹಂಚುವಾಗಲೇ 42ನೇ ಆಯ್ಕೆಯಲ್ಲಿ ಸಮಯದ ಸರ್ವರುಗಳ ವಿಳಾಸವನ್ನೂ ಹಂಚಬಹುದು. ಕೈಯಿಂದ ವಿಳಾಸ ಕೊಟ್ಟ ಯಂತ್ರಗಳಿಗೆ ಒಂದು ಹೆಸರು ಮಾಡಿ ಡಿಎನ್‌ಎಸ್‌ನಲ್ಲಿಟ್ಟರೆ, ಮುಂದೆ ಸರ್ವರು ಬದಲಾದಾಗ ಆ ಒಂದು ಕಡೆ ತಿದ್ದಿದರೆ ಮುಗಿಯಿತು. ಕೇಳುವವರಿಗೆ ಇಬ್ಬರೇ ಸಾಕ್ಷಿಗಳನ್ನು ಮಾತ್ರ ಕೊಡಬೇಡಿ: ಇಬ್ಬರು ಬೇರೆ ಬೇರೆ ಹೇಳಿದರೆ ಯಾರನ್ನು ನಂಬಬೇಕೆಂದು ತಿಳಿಯುವುದಿಲ್ಲ. ನಾಲ್ವರಿದ್ದರೆ ಒಬ್ಬ ಸುಳ್ಳು ಹೇಳಿದರೂ, ಇನ್ನೊಬ್ಬ ಹಾಳಾಗಿ ಮಲಗಿದರೂ ಕೆಲಸ ನಡೆಯುತ್ತದೆ.

ಮೂರನೆಯದು ಕಾನೂನಿನ ಕಡೆಯಿಂದ ಬರುವ ಮಾತು, ಅದು ಆಕ್ಷೇಪಕ್ಕಿಂತ ಬೆಂಬಲವೇ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮಿನಡಿ ಹೊರಡಿಸಿದ ನಿರ್ದೇಶನದಲ್ಲಿ ಸೇವಾದಾತರು, ಡೇಟಾ ಸೆಂಟರುಗಳು, ಕಾರ್ಪೊರೇಟ್ ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ಎಲ್ಲ ಗಡಿಯಾರಗಳನ್ನು ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ, ಇಲ್ಲವೇ ಅವುಗಳಿಂದ ಸಮಯ ಪಡೆದ ಸರ್ವರಿಗೆ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಎಂದಿದೆ. ದೆಹಲಿಯ ಮಲ್ಟಿಕಾಸ್ಟ್ ಕುದೇರಿಗೆ ಕೇಳಿಸುವುದಿಲ್ಲ. ಆ ಸರ್ವರುಗಳನ್ನು ಹೇಗೂ ನೇರವಾಗಿ ಕೇಳಿಯೇ ತಿಳಿಯಬೇಕು. ಇನ್ನೊಂದು ತುದಿಯ ಹಳ್ಳಿಯ ಸಂಘದಲ್ಲೂ ಅಷ್ಟೆ: ಅಲ್ಲಿನ ಯಂತ್ರ ಹೊರಜಗತ್ತನ್ನು ಮುಟ್ಟುವುದು ಮೊಬೈಲ್ ಜಾಲದ ಮೂಲಕ, ಘಟಕದೊಳಗೆ ಸಾರಿದ್ದು ಅದನ್ನು ದಾಟಿ ಹೋಗುವುದಿಲ್ಲ. ರೈತರ ಚೀಟಿಯಿಂದ ದೆಹಲಿಯ ಪರಮಾಣು ಗಡಿಯಾರದವರೆಗಿನ ಸರಪಳಿಯಲ್ಲಿ ಮಲ್ಟಿಕಾಸ್ಟ್‌ಗೆ ಜಾಗವಿರುವುದು ನಡುವಿನ ಒಂದು ಕೊಂಡಿಯಲ್ಲಿ ಮಾತ್ರ. ಆ ಒಂದಕ್ಕಾಗಿ ಕ್ವೆರಿಯರ್, ಟಿಟಿಎಲ್, ಕೀಲಿ ಎಂದು ಬೇರೆಯದೇ ವಿದ್ಯೆ ಕಾಪಾಡಿಕೊಂಡು ಬರಬೇಕೇ? ಇಂಟರ್‌ನೆಟ್ ಹೋದರೆ ಏನು ಗತಿ ಎನ್ನುವವರು ಘಟಕದೊಳಗೆ ಉಪಗ್ರಹದಿಂದ ಸಮಯ ಪಡೆಯುವ ರಿಸೀವರು ಇಟ್ಟುಕೊಳ್ಳಲಿ. ಅದನ್ನೂ ಉಳಿದ ಯಂತ್ರಗಳು ನೇರವಾಗಿ ಕೇಳಬಹುದು.

ಮಲ್ಟಿಕಾಸ್ಟ್ ನಿಜವಾಗಿ ಬೇಕಾಗುವ ಜಾಗವೂ ಇದೆ, ಅದನ್ನು ಮುಚ್ಚಿಡಬಾರದು. ಮಿಲಿಸೆಕೆಂಡು ಸಾಲದೆ ಮೈಕ್ರೋಸೆಕೆಂಡು ಬೇಕಾದ ಕಡೆ, ವಿದ್ಯುತ್ ಸಬ್‌ಸ್ಟೇಷನ್ನಿನ ರಿಲೇಗಳಲ್ಲಿ, ಹಲವು ಮೋಟಾರು ಒಂದೇ ತಾಳಕ್ಕೆ ತಿರುಗಬೇಕಾದ ಪ್ಯಾಕಿಂಗ್ ಸಾಲುಗಳಲ್ಲಿ, ಪಿಟಿಪಿ ಬಳಸುತ್ತಾರೆ. ಅದು ಸಾಮಾನ್ಯವಾಗಿ 224.0.1.129 ಗುಂಪಿನಲ್ಲಿ, 319 ಮತ್ತು 320ನೇ ಪೋರ್ಟುಗಳಲ್ಲಿ ಓಡುತ್ತದೆ. ಮೇಲೆ ಹೇಳಿದ ಸ್ವಿಚ್ಚು, ಫೈರ್‌ವಾಲು, ವಿಎಲ್ಯಾನ್‌ಗಳ ಕಾಟವೆಲ್ಲ ಅದಕ್ಕೂ ಉಂಟು. ಅದರ ಸ್ವಂತದ ಎರಡು ತೊಂದರೆಗಳು: ಡೊಮೈನ್ ನಂಬರು ಹೊಂದದಿದ್ದರೆ ಒಂದೇ ತಂತಿಯಲ್ಲಿದ್ದರೂ ಒಬ್ಬರಿಗೊಬ್ಬರು ಕಾಣುವುದಿಲ್ಲ, ಯಾರು ಯಜಮಾನರೆಂಬುದನ್ನು ಸಾಧನಗಳೇ ಚುನಾವಣೆಯಲ್ಲಿ ಆರಿಸಿಕೊಳ್ಳುವುದರಿಂದ, ಆದ್ಯತೆ ಸರಿಯಾಗಿ ಕೊಡದಿದ್ದರೆ ಹೊಸದಾಗಿ ಸಿಕ್ಕಿಸಿದ ಯಾವುದೋ ನಿಯಂತ್ರಕ ಗೆದ್ದು ತನ್ನ ತಪ್ಪು ಸಮಯವನ್ನು ಎಲ್ಲರ ಮೇಲೆ ಹೇರುತ್ತದೆ. ಕಾರ್ಡಿಗೆ ಹಾರ್ಡ್‌ವೇರಿನಲ್ಲೇ ಸಮಯದ ಮುದ್ರೆ ಒತ್ತಲು ಬರುತ್ತದೆಯೇ ಎಂಬುದನ್ನು ‘ಈಥ್‌ಟೂಲ್’ ಹೇಳುತ್ತದೆ. ಬರದಿದ್ದರೆ ಪಿಟಿಪಿಯ ಖರ್ಚು ದಂಡ.

ಹಳೆಯ ಗೋಡೆ ಗಡಿಯಾರ, ಕೇಳಲು ಬಾರದೆ ಕೇಳಿಸಿಕೊಳ್ಳಲು ಮಾತ್ರ ಬರುವ ಹಳೆಯ ನಿಯಂತ್ರಕ, ಇಂಥವು ಘಟಕದಲ್ಲಿ ನಾಲ್ಕಾರು ಉಳಿದೇ ಉಳಿಯುತ್ತವೆ. ಅವುಗಳನ್ನು ಅವುಗಳದೇ ವಿಎಲ್ಯಾನ್‌ಗೆ ಸೇರಿಸಿ, ಅದೇ ವಿಎಲ್ಯಾನ್‌ನಲ್ಲಿ ಒಂದು ಕಾಲಿಟ್ಟ ಸರ್ವರಿನಿಂದ ಸಾರಿಸಿದರೆ ರೂಟರು ದಾಟುವ ಪ್ರಶ್ನೆ ಬರುವುದಿಲ್ಲ. ಕ್ವೆರಿಯರ್ ಯಾವ ಸ್ವಿಚ್ಚಿನಲ್ಲಿದೆ ಎಂಬುದನ್ನು ಚೀಟಿ ಬರೆದು ಆ ಸ್ವಿಚ್ಚಿನ ಮೇಲೆಯೇ ಅಂಟಿಸಿ. ಅದನ್ನು ಬದಲಾಯಿಸಲು ಬರುವವರು ಮೊದಲು ಬಿಚ್ಚುವುದು ಅದನ್ನೇ. ಕೀಲಿಯ ಫೈಲಿನ ಪ್ರತಿಯೊಂದನ್ನು ಬೇರೆ ಕಡೆ ಇಡಿ. ಈ ಸಾಧನಗಳು ಕೇಳಿಸಿಕೊಂಡಿವೆಯೋ ಇಲ್ಲವೋ ಎಂದು ಸಾರುವ ಸರ್ವರು ಹೇಳಲಾರದ ಕಾರಣ, ಪಾಳಿ ಬದಲಾಗುವ ಹೊತ್ತಿನಲ್ಲಿ ಒಬ್ಬರು ಅವುಗಳ ಮುಖ ನೋಡಿ ಅಂತರವನ್ನು ಪುಸ್ತಕದಲ್ಲಿ ಬರೆಯಬೇಕು, ಅದಕ್ಕೆ ವಾರಕ್ಕೊಂದು ಸಲ ಸಾಕು.